ತೂತಿಲ್ಲದ ಹಾಳೆಗಳು

ಇವತ್ತು ಆಳಂದದ ಬಸ್ ಸ್ಟ್ಯಾಂಡ್ ಬಳಿ ಯಾರೋ ಹಳೆ ಬ್ಯಾಟರಿಯ ಆ್ಯಸಿಡ್ ಚೆಲ್ಲಿದ್ದರು. ಆ ಹುಳಿ ವಾಸನೆಗೆ ಗಂಟಲು ಕೆರೆದು, ನಮ್ಮ ಅಂಗಳ ನೆನಪಾಯಿತು.

ಅಲ್ಲಿ ನನ್ನ ಅಬ್ಬಾ ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಸೀಸದ ಪ್ಲೇಟುಗಳು ಒಂದಕ್ಕೊಂದು ತಾಗದಂತೆ ನಡುವೆ ಇಡುವ ಗೆರೆಗೆರೆಯ ತೆಳು ಹಾಳೆಗಳನ್ನು ಅಮ್ಮಿ ಮತ್ತು ನಾನು ತೊಳೆದು ಹಗ್ಗ ಹೆಣೆದ ಹೊರಸಿನ ಮೇಲೆ ಒಣಗಿಸುತ್ತಿದ್ದೆವು. ಅಬ್ಬಾ ಒಂದೊಂದನ್ನೂ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವರು. ಸೂಜಿಮೊನೆಯಷ್ಟು ಬೆಳಕು ಕಂಡರೂ ಬಿಸಾಡುವರು.

"ಇಷ್ಟ್ ತೂತಿದ್ರೂ ಬ್ಯಾಟರಿ ಸಾಯ್ತದ ಬೇ."

ಶಾಲೆಗೆ ಹೊರಡುವ ಮುಂಚೆ ಯೂನಿಫಾರ್ಮಿನಲ್ಲೇ ತೊಳೆಯುತ್ತಿದ್ದೆ. ಸಿಡಿದ ಆ್ಯಸಿಡ್ ಹನಿಗಳು ಬಟ್ಟೆ ತಿಂದು, ಅಂಗಿ ಜರಡಿಯಂತೆ ತೂತುತೂತಾಯಿತು. "ಸಾಣಿಗಿ ಬಂದ್ಲು ನೋಡ್ರೆ" ಎಂದು ಹುಡುಗಿಯರು ನಗುತ್ತಿದ್ದರು. ಹೊಸದು ಕೊಡಿಸೆಂದು ಕೇಳಿದೆ. ಅಬ್ಬಾ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಅಂಗಿ ತೂತಾದ್ರ ಯಾರೂ ಸಾಯಂಗಿಲ್ಲ."

ಮರುದಿನದಿಂದ ಶಾಲೆಗೆ ಹೋಗಲಿಲ್ಲ. ಯಾಕೆಂದು ಅವರು ಕೇಳಲಿಲ್ಲ. ತೊಳೆಯಲು ಇನ್ನಷ್ಟು ಹಾಳೆ ತಂದಿಟ್ಟರು.

ಈಗ ಯಾರೇ ನೆಂಟರು ಬಂದರೂ ಅಬ್ಬಾ, "ಅಕಿಗಿ ಓದಾಕ ಮನಸೇ ಇರ್ಲಿಲ್ರಿ" ಎನ್ನುತ್ತಾರೆ. ಇವತ್ತು ಮನೆಗೆ ಬಂದ ನೆಂಟರಿಗೂ ಅದನ್ನೇ ಅಂದರು. ಚಹಾ ಕೊಡುತ್ತಿದ್ದ ನಾನು ಮೊದಲ ಸಲ, "ಇತ್ತು ಅಬ್ಬಾ" ಅಂದೆ.

ಅವರು ನೆಂಟರ ಕಡೆ ತಿರುಗಿ, "ಚಹಾ ಆರ್ತದ, ಕುಡೀರಿ" ಅಂದರು.