ಜಿಂಕೆಗೆ ಮೊಂಡು ಗುಂಡು

ನಮ್ಮ ಮನೆದೇವರು ವರ್ಷಕ್ಕೊಮ್ಮೆ ಬೇಟೆಗೆ ಹೋಗುತ್ತಾನೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬೆಳಿಗ್ಗೆ, ಊರಿಗೆ ಊರೇ ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುವಾಗ, ಆತ ಬೋಗಾದಿಯ ಪುಟ್ಟ ಗುಡಿಯಿಂದ ಪಲ್ಲಕ್ಕಿಯಲ್ಲಿ ಹೊರಟು, ಪಿ.ಜಿ.ಗಳ ಬಾಲ್ಕನಿಯಲ್ಲಿ ಒಣಗುವ ಜೀನ್ಸ್ ಪ್ಯಾಂಟುಗಳ ಕೆಳಗೆ ಹಾದು, ಬಡಾವಣೆಯಲ್ಲಿ ಉಳಿದಿರುವ ಒಂದೇ ಒಂದು ಖಾಲಿ ಸೈಟಿಗೆ ಬಂದು ಜಿಂಕೆ ಹೊಡೆಸುತ್ತಾನೆ. ದೇವರು ತಾನೇ ಕೈಯೆತ್ತುವುದಿಲ್ಲ. ಅವನ ಪರವಾಗಿ ಈಡು ಹಾರಿಸುವ ಹಕ್ಕು ನಮ್ಮ ಮನೆಯದು. ಬೋಗಾದಿ ಹಳ್ಳಿಯಾಗಿದ್ದಾಗ ನಮಗೆ ಹೊಲ, ಕಣ, ಎತ್ತು ಎಲ್ಲ ಇದ್ದವು. ಈಗ ಇರುವುದು ಒಂದು ಮನೆ, ಅದರ ಮುಂದೆ ಕಾರು ನಿಲ್ಲಿಸುವವರ ಜೊತೆ ದಿನಾ ಜಗಳ, ಮತ್ತು ಈ ಹಕ್ಕು.

ಜಿಂಕೆ ಎಂದರೆ ಯಾರೂ ಗಾಬರಿಯಾಗಬೇಕಿಲ್ಲ. ನಿಜವಾದ ಜಿಂಕೆ ಹೊಡೆದರೆ ಜೈಲು ಎಂಬ ಕಾನೂನು ಬಂದ ಕಾಲದಲ್ಲಿ ನಮ್ಮ ಹಿರಿಯರು ಕೂತು ಮಾತಾಡಿ, ಇನ್ನು ಮುಂದೆ ಬೂದುಗುಂಬಳಕಾಯಿಯೇ ಜಿಂಕೆ ಎಂದು ತೀರ್ಮಾನಿಸಿದರಂತೆ. ಕಾಯಿಯ ತೊಟ್ಟಿನ ಕಡೆ ಮುಚ್ಚಳದ ಹಾಗೆ ಕೊಯ್ದು, ತಿರುಳು ಬಗೆದು ತೆಗೆದು, ಒಳಗೆ ಅರಿಶಿನ ಸುಣ್ಣ ಕದಡಿದ ಕೆಂಪು ಓಕುಳಿ ತುಂಬುತ್ತಾರೆ. ಬಿದಿರು ಗೂಟದ ನಾಲ್ಕು ಕಾಲು, ಹುಣಸೆ ಕಡ್ಡಿಯ ಕೊಂಬು, ಗುಲಗಂಜಿಯ ಕಣ್ಣು. ನೋಡಿದರೆ ಜಿಂಕೆ ಅನ್ನಿಸುವುದಿಲ್ಲ, ಹೊಟ್ಟೆ ಉಬ್ಬರಿಸಿದ ಹಂದಿ ಅನ್ನಬಹುದು. ಆದರೆ ಪೂಜಾರಿ ಒಮ್ಮೆ ಕುಂಕುಮ ಇಟ್ಟನೆಂದರೆ ಅದು ಜಿಂಕೆಯೇ. ಈಡು ತಗುಲಿ ಓಕುಳಿ ಹರಿದರೆ ಊರಿಗೆ ಒಳ್ಳೆಯದು, ಹೊಡೆದವರ ತಲೆಗೆ ದೇವರ ಪೇಟ. ಹರಿಯದಿದ್ದರೆ ಮುಂದಿನ ವರ್ಷದಿಂದ ಹಕ್ಕು ದಾಯಾದಿಗಳ ಮನೆಗೆ ಹೋಗುತ್ತದೆ.

ನನಗೆ ಬುದ್ಧಿ ತಿಳಿದಾಗಿನಿಂದ ಈಡು ಹಾರಿಸಿದವರು ನಮ್ಮಪ್ಪ. ಒಂಟಿ ನಳಿಗೆಯ ಕೋವಿ, ಅದಕ್ಕೆ ದಪ್ಪ ಸೀಸದ ಚರೆ ತುಂಬಿದ ಎಲ್‌ಜಿ ತೋಟಾ. ಆ ತೋಟಾ ಹುಟ್ಟಿದ್ದೇ ಜಿಂಕೆ ಹಂದಿಗಳಿಗಾಗಿ. ಕುಂಬಳಕಾಯಿಗೆ ಬಿದ್ದರೆ ಅಲ್ಲೊಂದು ಕಾಯಿ ಇತ್ತು ಎಂಬುದಕ್ಕೆ ಸಾಕ್ಷಿಯೂ ಉಳಿಯುತ್ತಿರಲಿಲ್ಲ. ಪೂಜಾರಿಯ ಪಂಚೆಯೆಲ್ಲ ಕೆಂಪಾಗುತ್ತಿತ್ತು. ಈಡು ಹಾರಿದ ಕೂಡಲೇ ಊರೆಲ್ಲ ಕಾಯಿಯ ಕಡೆ ನೋಡಿದರೆ ಅಪ್ಪ ಮಾತ್ರ ತಿರುಗಿ ನನ್ನ ಕಡೆ ನೋಡುತ್ತಿದ್ದರು. ನಾನು ಕಿವಿ ಮುಚ್ಚಿಕೊಂಡು, ಕಣ್ಣು ಕಿವುಚಿಕೊಂಡು, ಒಂದು ಗೇಣು ಮೇಲಕ್ಕೆ ಹಾರಿ ಬೀಳುತ್ತಿದ್ದೆ. ಮಗಳು ಹೆದರಿದಳೇನೋ ಎಂದು ನೋಡುತ್ತಾರೆ ಎಂದುಕೊಂಡೇ ಬೆಳೆದೆ. ಮನೆ ತುಂಬ ಗಂಡುಮಕ್ಕಳಿದ್ದ ಚಿಕ್ಕಪ್ಪನ ಸಂಸಾರದ ಎದುರಿಗೆ, ಒಬ್ಬಳೇ ಮಗಳಾದ ನನಗೆ ಆ ಒಂದು ನೋಟದಿಂದ ಇಡೀ ವರ್ಷಕ್ಕಾಗುವಷ್ಟು ಜಂಬ. ಹೂಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಕೆಲಸಕ್ಕೆ ಸೇರಿ, ತಲೆಗೆ ಬಣ್ಣ ಹಚ್ಚುವ ವಯಸ್ಸಾದ ಮೇಲೂ ಪ್ರತಿ ಹೊಸತೊಡಕಿಗೆ ಅದೇ ಜಾಗದಲ್ಲಿ ನಿಂತು ಅದೇ ರೀತಿ ಬೆಚ್ಚಿಬೀಳುತ್ತಿದ್ದೆ.

ಆ ವರ್ಷ ಯುಗಾದಿಯೂ ಚುನಾವಣೆಯೂ ಒಟ್ಟಿಗೇ ಬಂದವು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ನಮ್ಮ ದೇವರು ಯಾವ ಪಕ್ಷದವನೂ ಅಲ್ಲ, ಒಂದೇ ಒಂದು ಬೆಳಿಗ್ಗೆಗೆ ಕೊಡಿ ಎಂದು ಅಪ್ಪ ವಾದ ಮಾಡಿದರು. ಠಾಣೆಯವರು ಕುರ್ಚಿ ಹಾಕಿ, ಟೀ ಕುಡಿಸಿ, ಫಲಿತಾಂಶ ಬಂದ ಮೇಲೆ ದೇವರನ್ನು ನಿಧಾನವಾಗಿ ಬೇಟೆಗೆ ಕರೆದುಕೊಂಡು ಹೋಗಿ ಎಂದು ಸಲಹೆ ಕೊಟ್ಟು ಕಳಿಸಿದರು.

ಸುದ್ದಿ ತಿಳಿದ ಸಂಜೆಯೇ ಚಿಕ್ಕಪ್ಪನ ಹಿರಿಮಗ ಮನೆಗೆ ಬಂದ. ಅವನಿಗೆ ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬ ಸಂಕಟ ಹುಟ್ಟಿದಾಗಿನಿಂದ ಇದೆ. ದೊಡ್ಡಪ್ಪನಿಗೆ ವಯಸ್ಸಾಯಿತು, ಕೋವಿಯೂ ಇಲ್ಲ, ಕಾಯಿಯ ಹೊಟ್ಟೆಗೆ ದೀಪಾವಳಿಯ ಬಾಂಬು ಕಟ್ಟಿ ಹೊತ್ತಿಸಿದರೆ ಸದ್ದಿಗೆ ಸದ್ದೂ ಆಯಿತು, ಓಕುಳಿಗೆ ಓಕುಳಿಯೂ ಆಯಿತು, ಆ ಭಾರ ನಾನೇ ಹೊರುತ್ತೇನೆ ಎಂದ. ಹಾಗೆ ಹೊತ್ತುಕೊಂಡರೆ ಹಕ್ಕು ಅವನದಾಗುತ್ತದೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪನ ಕಿವಿ ಸ್ವಲ್ಪ ಮಂದ. ಆದರೆ ಬೇಕಾದ್ದೆಲ್ಲ ಕೇಳಿಸುತ್ತದೆ.

"ಈಡನ್ನ ನನ್ನ ಮೊಮ್ಮಗಳು ಹಾರಿಸ್ತಾಳೆ. ಅವಳತ್ರ ರೈಫಲ್ ಐತೆ," ಅಂದರು.

ಹೆಣ್ಣುಮಗು ದೇವರ ಈಡು ಹಾರಿಸುವುದೇ ಎಂದು ಅವನು ರಾಗ ಎಳೆದ. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡಬೇಕು ಎಂದು ಸರ್ಕಾರವೇ ಹೇಳಿದೆ, ಉಳಿದಿರುವ ಆಸ್ತಿ ಇದೊಂದೇ ಎಂದು ಅಪ್ಪ ಮಾತು ಮುಗಿಸಿದರು.

ನನ್ನ ಮಗಳು ಕಾಲೇಜಿಗಿಂತ ಹೆಚ್ಚು ಶ್ರದ್ಧೆಯಿಂದ ರೈಫಲ್ ಶೂಟಿಂಗ್ ತರಬೇತಿಗೆ ಹೋಗುತ್ತಾಳೆ. ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ರೈಫಲ್ ಅದು, ಮದ್ದಿಲ್ಲ, ಹೊಗೆಯಿಲ್ಲ, ಲೈಸೆನ್ಸೂ ಬೇಡ. ಹತ್ತು ಮೀಟರ್ ದೂರದ ಕಾಗದದ ಮೇಲೆ ಸಾಸಿವೆಯಷ್ಟು ಚುಕ್ಕೆಗೆ ಹೊಡೆಯುವ ಹುಡುಗಿಗೆ ಕುಂಬಳಕಾಯಿಯೆಂದರೆ ಗೋಡೆ ಇದ್ದ ಹಾಗೆ. ಗುರಿಯ ಚಿಂತೆ ಯಾರಿಗೂ ಇರಲಿಲ್ಲ. ಹೆಸರುಕಾಳಿಗಿಂತ ಕೊಂಚ ದೊಡ್ಡದಿರುವ ಆ ಸೀಸದ ಗುಂಡಿಗೆ ಓಕುಳಿ ಹರಿಯುವಷ್ಟು ತೂತು ಬೀಳುತ್ತದೆಯೇ ಎಂಬುದೇ ಪ್ರಶ್ನೆ. ಯಾವ ಗುಂಡು ಎಂದು ಆರಿಸುವುದು ತನ್ನ ಕೆಲಸ ಎಂದು ಮಗಳು ಹೇಳಿದಳು. ನೂರಾರು ಬೇಟೆ ಕಂಡವನು ನಾನು ಎಂದು ಅಪ್ಪ ಹೇಳಿದರು. ಅವರು ಕಂಡಿದ್ದು ನೂರಾರು ಬೇಟೆಯಲ್ಲ, ಹಲವಾರು ಕುಂಬಳಕಾಯಿ.

ಮೂವರೂ ಅಂಗಡಿಗೆ ಹೋದೆವು. ಕ್ರೀಡಾ ಸಾಮಾನಿನ ಅಂಗಡಿ, ಒಳಗೆ ಶಟಲ್ ಬ್ಯಾಟು ನೋಡುತ್ತಿದ್ದ ಒಂದಿಬ್ಬರು ಗಿರಾಕಿಗಳು. ಕಿವಿ ಮಂದವಿರುವವರು ತಾವು ಪಿಸುಗುಟ್ಟುತ್ತಿದ್ದೇವೆ ಎಂದುಕೊಂಡಾಗಲೇ ಹೆಚ್ಚು ಜೋರಾಗಿ ಮಾತಾಡುತ್ತಾರೆ. ಅಪ್ಪ ಗಲ್ಲಾದ ಮೇಲೆ ಬಗ್ಗಿ, ಬಹಳ ಗುಟ್ಟಾಗಿ, ಬೀದಿಗೆಲ್ಲ ಕೇಳುವಂತೆ, ಜಿಂಕೆ ಹೊಡೆಯುವುದಕ್ಕೆ ಯಾವ ಗುಂಡು ಒಳ್ಳೆಯದು ಎಂದು ಕೇಳಿದರು. ಗಿರಾಕಿಗಳು ಬ್ಯಾಟು ಇಟ್ಟು ಹೊರಗೆ ಹೋದರು. ಅಂಗಡಿಯವರ ಮುಖ ಬಿಳುಚಿಕೊಂಡಿತು. ನಾನು ಸಮಾಧಾನ ಮಾಡಲು ಹೋಗಿ, ನಿಜವಾದ ಜಿಂಕೆಯಲ್ಲ ಸ್ವಾಮಿ, ಬೂದುಗುಂಬಳಕಾಯಿ, ದೇವರೇ ಬೇಟೆಗೆ ಬರುತ್ತಾನೆ, ಕೋವಿ ಪೊಲೀಸರ ಹತ್ತಿರ ಇದೆ ಎಂದೆ. ಒಂದೊಂದು ಮಾತಿಗೂ ಅವರು ಒಂದೊಂದು ಹೆಜ್ಜೆ ಹಿಂದಕ್ಕೆ ಹೋದರು.

"ಯಜಮಾನ್ರೇ, ಇಲ್ಲಿ ಜಿಂಕೆ ಅನ್ಬೇಡಿ. ಪೇಪರ್ ಅನ್ನಿ. ನಾವು ಪೇಪರ್ ಹೊಡೆಯೋಕೆ ಮಾತ್ರ ಗುಂಡು ಕೊಡ್ತೀವಿ," ಅಂದರು ಕೊನೆಗೆ.

ಅಲ್ಲಿಂದ ಮುಂದೆ ಪೇಪರಿನ ಹೆಸರಿನಲ್ಲೇ ವ್ಯವಹಾರ. ಪೇಪರಿನ ಚರ್ಮ ಎಷ್ಟು ದಪ್ಪ, ಪೇಪರಿಗೆ ಎದೆಗೆ ಹೊಡೆಯಬೇಕೋ ಹೊಟ್ಟೆಗೋ, ಪೇಪರು ಓಡಿಹೋದರೆ ಏನು ಗತಿ ಎಂದು ಅಪ್ಪ ಒಂದೊಂದಾಗಿ ವಿಚಾರಿಸಿದರು. ಡಬ್ಬಿಗಳು ಬಂದವು. ಒಂದರಲ್ಲಿ ಚೂಪು ತಲೆಯ ಗುಂಡು, ಒಂದರಲ್ಲಿ ಉರುಟು ತಲೆಯದು, ಇನ್ನೊಂದರಲ್ಲಿ ತಲೆಯನ್ನು ಯಾರೋ ಕೊಯ್ದು ಸಪಾಟು ಮಾಡಿದಂಥ ಮೊಂಡು. ಮಗಳು ಮೊಂಡನ್ನು ಮುಟ್ಟಿದಳು. ಅಪ್ಪ ಚೂಪನ್ನು ಎತ್ತಿಕೊಂಡರು. ಮೊಂಡು ಕುಡುಗೋಲಲ್ಲಿ ಯಾರಾದರೂ ಹುಲ್ಲು ಕೊಯ್ಯುತ್ತಾರಾ ಎಂಬುದು ಅವರ ವಾದ. ಮೂರೂ ಕೊಂಡೆವು. ಸ್ಟೋರ್ಸ್‌ನಲ್ಲಿ ಕೆಲಸ ಮಾಡುವ ನನಗೆ ಇದು ಹೊಸದಲ್ಲ. ಒಂದು ಬೋಲ್ಟಿಗೆ ಮೂರು ಜನ ಇಂಜಿನಿಯರುಗಳು ಜಗಳವಾಡಿದರೆ ಮೂರನ್ನೂ ತರಿಸಿ ಹಾಕಿ ನೋಡುವುದೇ ನಮ್ಮ ಪದ್ಧತಿ.

ಮನೆಯ ತಾರಸಿಯಲ್ಲಿ ಪರೀಕ್ಷೆ ನಡೆಯಿತು. ನೀರಿನ ಟ್ಯಾಂಕಿನ ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಅದರ ಮುಂದೆ ಕಾಯಿಗೆ ನೀರು ತುಂಬಿ ಇಟ್ಟೆವು. ಉರುಟು ಗುಂಡು ಕಾಯಿಯ ಬೂದಿಯ ಮೇಲೆ ಜಾರಿ ಹಾಸಿಗೆಗೆ ಹೋಯಿತು. ಚೂಪು ಗುಂಡು ಸರಕ್ಕನೆ ಒಳಗೆ ಹೋಯಿತು, ಅಪ್ಪ ಮೀಸೆ ತಿರುವಿದರು, ಆದರೆ ಹೋದ ದಾರಿಯನ್ನು ಕಾಯಿ ಹಾಗೇ ಮುಚ್ಚಿಕೊಂಡಿತು, ಒಂದು ಹನಿಯೂ ಹೊರಗೆ ಬರಲಿಲ್ಲ. ಮೊಂಡು ಗುಂಡು ಮಾತ್ರ ಸಿಪ್ಪೆಯನ್ನು ಬಿಲ್ಲೆಯ ಹಾಗೆ ಕತ್ತರಿಸಿ ದುಂಡನೆಯ ತೂತು ಮಾಡಿತು. ನೀರು ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಸಣ್ಣಗೆ ಇಳಿಯಿತು. ಕಾಯಿ ಬಲಿತಿರಲಿಲ್ಲ ಎಂದು ಅಪ್ಪ ಒಪ್ಪಲಿಲ್ಲ. ಬಲಿತ ಕಾಯಿ ತಂದರೆ ಬಿಸಿಲಿಗೆ ಬಾಡಿದೆ ಎಂದರು. ಹೀಗೆ ದಿನಾ ಕಾಯಿ ಬಂತು, ಬಗೆದ ತಿರುಳೆಲ್ಲ ನನ್ನ ಅಡುಗೆಮನೆಗೆ. ಮಜ್ಜಿಗೆಹುಳಿ, ಪಲ್ಯ, ಹುಳಿ, ದೋಸೆ, ಹಲ್ವ. ರಾಜೀವನಗರದಿಂದ ಬರುವ ನನ್ನ ಸಹೋದ್ಯೋಗಿ ಹಲ್ವದ ಡಬ್ಬಿಯನ್ನು ಮೊದಲ ದಿನ ಕಣ್ಣಿಗೊತ್ತಿಕೊಂಡರು, ಆಮೇಲೆ ನನ್ನನ್ನು ಕಂಡರೆ ಇನ್ನೊಂದು ಬಾಗಿಲಿನಿಂದ ಹೋಗತೊಡಗಿದರು. ಇನ್ನು ಈ ಮನೆಯಲ್ಲಿ ಕುಂಬಳಕಾಯಿ ಕಂಡರೆ ನಾನೇ ಊರು ಬಿಡುತ್ತೇನೆ ಎಂದು ಒಂದು ದಿನ ಸೌಟು ಎಸೆದೆ. ನಿಜವಾಗಿಯೂ ಕೋಪ ಬಂದಿತ್ತು. ಹೊಲ ಹೋದಾಗ ಒಂದು ಮಾತೂ ಆಡದ ಅಪ್ಪ, ಒಂದು ತರಕಾರಿಗೆ ತೂತು ಬೀಳದಿದ್ದರೆ ಬದುಕೇ ಮುಳುಗಿತು ಎಂಬಂತೆ ಊಟ ಬಿಟ್ಟು ಕೂತಿದ್ದರು.

ಹೊಸತೊಡಕಿನ ಬೆಳಿಗ್ಗೆ ಮಗಳು ತನ್ನ ಶೂಟಿಂಗ್ ಪೋಷಾಕಿನಲ್ಲಿ ಬಂದಳು. ದಪ್ಪ ಕ್ಯಾನ್ವಾಸಿನ ಅಂಗಿ, ಅದೇ ಬಟ್ಟೆಯ ಪ್ಯಾಂಟು, ಮೊಣಕಾಲು ಮಡಚುವಂತಿಲ್ಲ. ದೇವರ ಪಲ್ಲಕ್ಕಿಗಿಂತ ನಿಧಾನವಾಗಿ, ಬಾತುಕೋಳಿಯ ಹಾಗೆ ನಡೆದುಕೊಂಡು ಸೈಟಿಗೆ ಬಂದಳು. ಪಿ.ಜಿ. ಹುಡುಗರು ಬಾಲ್ಕನಿಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದರು. ಕಾಂಪೌಂಡ್ ಗೋಡೆಯ ಮುಂದೆ ನಮ್ಮ ಜಿಂಕೆ ನಾಲ್ಕು ಬಿದಿರ ಕಾಲಿನ ಮೇಲೆ ನಿಂತಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಚಿಕ್ಕಪ್ಪನ ಮಗ, ಒಂದು ಕೈಯಲ್ಲಿ ಬಾಂಬು, ಇನ್ನೊಂದರಲ್ಲಿ ಹೊಗೆಯಾಡುವ ಊದುಬತ್ತಿ, ಮುಖದಲ್ಲಿ ಭಕ್ತಿ.

ಮಗಳು ರೈಫಲ್ ಎತ್ತುವಷ್ಟರಲ್ಲಿ ಅಪ್ಪ ಹತ್ತಿರ ಹೋಗಿ, ಜೇಬಿನಿಂದ ವೀಳ್ಯದೆಲೆಯ ಮಡಿಕೆ ತೆಗೆದು ಬಿಚ್ಚಿದರು. ಒಳಗೆ ಒಂದು ಚೂಪು ಗುಂಡು, ಅದಕ್ಕೆ ಕುಂಕುಮ. ಬೆಳಿಗ್ಗೆ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಿದ್ದರು. ಇದನ್ನೇ ಹಾಕು ಎಂದರು. ಹಾಕಿದರೆ ಹಕ್ಕು ಹೋಗುತ್ತದೆ, ಹಾಕದಿದ್ದರೆ ಊರೆದುರಿಗೆ ಅಪ್ಪನ ಮಾತು ಹೋಗುತ್ತದೆ. ಮಗಳು ಗುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದನ್ನು ಎದೆಯ ಜೇಬಿಗೆ ಹಾಕಿ, ತನ್ನ ಡಬ್ಬಿಯಿಂದ ಮೊಂಡು ಗುಂಡು ತೆಗೆದು ರೈಫಲ್ಲಿಗೆ ತುಂಬಿದಳು.

"ನಿಮ್ ಗುಂಡು ನನ್ ಜೊತೆ ಇರ್ಲಿ ತಾತ. ರೈಫಲ್‌ಗೆ ಇದು ಒಗ್ತದೆ," ಅಂದಳು.

ಅಪ್ಪನಿಗೆ ಕೇಳಿಸಿತೋ ಇಲ್ಲವೋ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ನನ್ನ ಜಾಗದಲ್ಲಿ ನಿಂತು ಅಭ್ಯಾಸಬಲದಿಂದ ಕಿವಿ ಮುಚ್ಚಿಕೊಂಡೆ. ಎಲ್ಲರೂ ಕಿವಿ ಮುಚ್ಚಿಕೊಂಡರು. ಪಲ್ಲಕ್ಕಿ ಹೊತ್ತವರಿಗೆ ಕೈ ಬಿಡುವಿರಲಿಲ್ಲ, ಕಣ್ಣು ಮುಚ್ಚಿಕೊಂಡರು. ಕಾದೆವು. ಏನೂ ಆಗಲಿಲ್ಲ. ಇನ್ನೂ ಕಾದೆವು. ಕೊನೆಗೆ ಪೂಜಾರಿ ಒಂದು ಕಿವಿಯಿಂದ ಬೆರಳು ತೆಗೆದು, ಹೊಡಿ ಕಣಮ್ಮ, ಹೊತ್ತಾಗ್ತದೆ ಎಂದ. ಮಗಳು ರೈಫಲ್ ಇಳಿಸಿ, ಹೊಡೆದಾಯಿತಲ್ಲ ಎಂದಳು.

ಯಾರಿಗೂ ನಂಬಿಕೆ ಬರಲಿಲ್ಲ. ಸ್ವಿಚ್ ಒತ್ತಿದ ಹಾಗೆ ಟಪ್ ಎಂದಿತು ಎಂದು ಒಬ್ಬರು, ಅದು ಪಿ.ಜಿ. ಹುಡುಗರ ಕಿಟಕಿ ಎಂದು ಇನ್ನೊಬ್ಬರು. ಚಿಕ್ಕಪ್ಪನ ಮಗ ಗಂಟಲು ಸರಿಮಾಡಿಕೊಂಡು, ಸದ್ದಿಲ್ಲದ ಮೇಲೆ ಈಡಿಲ್ಲ, ಈಡಿಲ್ಲದ ಮೇಲೆ ಹಕ್ಕಿಲ್ಲ ಎಂದು ನ್ಯಾಯ ಹೇಳಿ, ಬಾಂಬಿನ ಬತ್ತಿಯ ಕಡೆ ಊದುಬತ್ತಿ ತಂದ.

"ಬಿತ್ತು ಕಣ್ರೋ," ಅಂದರು ಅಪ್ಪ.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕಾಯಿಯನ್ನು ನೋಡುತ್ತಿದ್ದವರು ಅವರೊಬ್ಬರೇ. ತಿರುಗಿ ನೋಡಿದರೆ ಬೂದಿಬಣ್ಣದ ಹೊಟ್ಟೆಯ ಮೇಲೆ ಕೆಂಪಗೆ ಒಂದು ಚುಕ್ಕೆ. ಅದು ದಪ್ಪವಾಯಿತು, ಜಾರಿತು, ಗೆರೆಯಾಗಿ ಬಿದಿರ ಕಾಲಿಗೆ ಇಳಿದು ಮಣ್ಣಿಗೆ ತಾಗಿತು. ಪೂಜಾರಿಯ ಪಂಚೆ ಮೊದಲ ಬಾರಿಗೆ ಬಿಳಿಯದಾಗಿಯೇ ಉಳಿಯಿತು. ಅವನೇ ಸಂತೋಷದಿಂದ ಓಡಿಬಂದು ಮಗಳ ತಲೆಗೆ ಪೇಟ ಇಟ್ಟ. ಚಿಕ್ಕಪ್ಪನ ಮಗ ಊದುಬತ್ತಿಯನ್ನು ದೇವರಿಗೆ ಬೆಳಗಿ ಬಾಂಬನ್ನು ಜೇಬಿಗೆ ಸೇರಿಸಿದ.

ಮಧ್ಯಾಹ್ನ ಮಟನ್ ಊಟ ಮುಗಿಸಿ ಅಪ್ಪನಿಗೆ ಎಲೆಅಡಿಕೆ ಕೊಡುವಾಗ, ನಮಗ್ಯಾರಿಗೂ ತಿಳಿಯದ್ದು ನಿಮಗೆ ಹೇಗೆ ತಿಳಿಯಿತು ಎಂದು ಕಿವಿಯ ಹತ್ತಿರ ಬಗ್ಗಿ ಕೇಳಿದೆ.

"ಈಡಿನ ಸದ್ದು ನೆಟ್ಟಗೆ ಕೇಳಿ ನಂಗೆ ಎಷ್ಟೋ ಕಾಲ ಆಯ್ತವ್ವ. ನೀನು ಲಂಗ ಹಾಕ್ಕೊಂಡು ನಿಂತ್ಕೋತಿದ್ಯಲ್ಲ, ಆಗ್ಲೇ ಆ ಕೋವಿ ನನ್ ಕಿವಿ ತಿಂದ್ಬುಟ್ಟಿತ್ತು. ಕೋವಿ ಒದೆಯೋದು ಭುಜಕ್ಕೆ ಗೊತ್ತಾಗೋದು. ಸದ್ದು ಎಂಗಿತ್ತು ಅಂತ ನಿನ್ ಮುಖದಲ್ಲಿ ನೋಡ್ಕೋತಿದ್ದೆ. ಇವತ್ತು ನೀನು ಬೆಚ್ಚಿಬೀಳ್ನಿಲ್ಲ, ಅದ್ಕೆ ಕಾಯಿ ನೋಡ್ದೆ."

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ ನನ್ನ ಹೆದರಿಕೆಯನ್ನು ವಿಚಾರಿಸುತ್ತಾರೆ ಎಂದು ಜಂಬಪಟ್ಟುಕೊಂಡಿದ್ದೆ, ಅವರು ನನ್ನ ಮುಖದಲ್ಲಿ ತಮ್ಮ ಕೋವಿಯ ಸದ್ದು ನೋಡಿಕೊಳ್ಳುತ್ತಿದ್ದರು. ಆಮೇಲೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. ಅಪ್ಪ ಅಡಿಕೆ ಕಡಿಯುತ್ತಾ, ಕೂಸು ಮುಂದಿನ ವರ್ಷವೂ ಅದೇ ರೈಫಲ್ಲಿನಲ್ಲಿ, ಅದೇ ಮೊಂಡು ಗುಂಡಿನಲ್ಲಿ ಹೊಡೆಯಲಿ ಎಂದರು.

"ಟಪ್ ಅಂದಾಗ ನೀನು ಮಾತ್ರ ಒಸಿ ಬೆಚ್ಚಿಬೀಳವ್ವ," ಅಂದರು.

ಆಗಲಿ ಎಂದೆ. ಅವರಿಗೆ ಕೇಳಿಸಲಿಲ್ಲ. ಕಿವಿ ಮುಚ್ಚಿಕೊಂಡು, ಕಣ್ಣು ಕಿವುಚಿ, ಕೂತಲ್ಲೇ ಒಮ್ಮೆ ಬೆಚ್ಚಿಬಿದ್ದು ತೋರಿಸಿದೆ. ಅಪ್ಪ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸಾಕು ಎಂಬಂತೆ ತಲೆಯಾಡಿಸಿದರು.