ನಿಂಬೆ ಶೆಡ್ಡಿನಲ್ಲಿ ರತ್ನವ್ವನ ಮುಖ

ಮುದ್ದೇಬಿಹಾಳದಲ್ಲಿ ಮುಂಜಾನೆ ಆರೂವರೆಗೆ ಬಾಗೇವಾಡಿ ಬಸ್ಸು ಹತ್ತಿದಾಗ ನನ್ನ ಹತ್ತಿರ ಒಂದು ಕ್ಯಾಮೆರಾ ಚೀಲ, ಎರಡು ಎಲ್‌ಇಡಿ ದೀಪ, ಅವನ್ನು ನಿಲ್ಲಿಸುವ ಎರಡು ಸ್ಟ್ಯಾಂಡು ಇದ್ದವು. ಹೆಂಗಸರಿಗೆ ಟಿಕೆಟ್ ಉಚಿತ. ಸ್ಟ್ಯಾಂಡುಗಳಿಗೆ ಮಾತ್ರ ಕಂಡಕ್ಟರ್ ಇಪ್ಪತ್ತು ರೂಪಾಯಿಯ ಲಗೇಜ್ ಚೀಟಿ ಹರಿದ.

"ಇವೇನ್ರಿ ಅಕ್ಕಾರ, ಬಂದೂಕೇನು?"

"ದೀಪ ನಿಂದ್ರಸು ಕೋಲ್ರಿ."

"ಹಗಲಾಗ ದೀಪ ಯಾಕ್ರಿ?" ಎಂದು ನಗುತ್ತ ಅವನು ಮುಂದಿನ ಸೀಟಿಗೆ ಹೋದ. ನಾನೂ ನಕ್ಕೆ. ಪಾಪ, ಇವನಿಗೇನು ಗೊತ್ತು ಎಂದುಕೊಂಡೆ.

ನಾನು ಮತ್ತು ನನ್ನ ಗಂಡ ಈರಣ್ಣ ಒಂಬತ್ತು ವರ್ಷದಿಂದ ಮದುವೆ ವಿಡಿಯೋ ಮಾಡುತ್ತಿದ್ದೇವೆ. ಕೆಲಸಕ್ಕೆ ಬರವಿಲ್ಲ. ಆದರೆ ಅಕ್ಷತೆ ಬೀಳುವುದನ್ನು ಎಷ್ಟು ಸಲ ತೆಗೆಯುವುದು? ಯಂಕಂಚಿಯ ಸುಜಾತಾ ಮೇಡಂ ಮುಂಬೈಯಲ್ಲಿ ಇಪ್ಪತ್ತು ವರ್ಷ ಟೀವಿ ಚಿತ್ರೀಕರಣಕ್ಕೆ ಕ್ಯಾಮೆರಾ ಹಿಡಿದು, ಬೆಳಕು ಜೋಡಿಸಿ, ಈಗ ಊರಿಗೆ ಮರಳಿದವರು. ಇಂಡಿಯಲ್ಲಿ ನಿಂಬೆಹಣ್ಣು ಆರಿಸುವ ಹೆಂಗಸರ ಬಗ್ಗೆ ಟೀವಿಗೆಂದು ಒಂದು ಕಾರ್ಯಕ್ರಮ ಮಾಡುತ್ತಿದ್ದರು. ಅದಕ್ಕೆ ಎರಡನೇ ಕ್ಯಾಮೆರಾ ಹಿಡಿಯುವವರು ಬೇಕಾಗಿತ್ತು. "ಮೂರು ದಿನ ಬಂದು ಕಲಿ. ಮೂರನೇ ದಿನ ನೀ ತೆಗದದ್ದು ನೋಡಿ ಹೌದೋ ಅಲ್ಲೋ ಹೇಳ್ತೇನಿ" ಎಂದು ಫೋನಿನಲ್ಲಿ ಹೇಳಿದ್ದರು. ಆ ಕೆಲಸದ ಮೇಲೆ ನನಗೆ ಜೀವವೇ ಇತ್ತು.

ನಿಡಗುಂದಿಯವರೆಗೆ ಹೊಲಗಳು ಹಸಿರಾಗಿದ್ದವು. ಬಸವನ ಬಾಗೇವಾಡಿಯಲ್ಲಿ ಇಳಿದು ಉಪ್ಪಿಟ್ಟು ತಿಂದು ಚಹಾ ಕುಡಿದೆ. ಸಿಂದಗಿ ಬಸ್ಸಿಗಾಗಿ ಒಂದು ತಾಸು ಕಾದೆ. ಅಲ್ಲಿಂದ ಮುಂದೆ ಕೊಯ್ಲಾದ ಬಿಳಿಜೋಳದ ಹೊಲಗಳು, ಕಿಟಕಿಯಿಂದ ಬಿಸಿಗಾಳಿ. ಸಿಂದಗಿಯಿಂದ ಆಟೋ ಹಿಡಿದು ಯಂಕಂಚಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮೇಡಂ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಸುಣ್ಣ ಬಳಿದ ಗೋಡೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದರು. ಎರಡು ದಿನ ನನ್ನ ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ. ಅವರು ತಮ್ಮ ಅಂಗೈಯನ್ನು ಕಿಟಕಿಗೆ ಹಿಡಿದು, ತಿರುಗಿಸಿ, ಬೆಳಕು ಎಲ್ಲಿಂದ ಬಂದು ಎಲ್ಲಿ ಸಾಯುತ್ತದೆ ಎಂದು ನೋಡುತ್ತಿದ್ದರು. ನನಗೂ ಅದನ್ನೇ ಮಾಡಿಸಿದರು. ಆಮೇಲೆ ಒಂದೇ ಒಂದು ದೀಪವನ್ನು ಗೋಡೆಯ ಕಡೆ ತಿರುಗಿಸಿದರು. ಗೋಡೆಯಿಂದ ಮರಳಿದ ಬೆಳಕು ಅವರ ತಾಯಿಯ ಕೆನ್ನೆಯ ಮೇಲೆ ಮೆತ್ತಗೆ ಕೂತಿತು. ಎಷ್ಟೋ ಮದುವೆ ಬೆಳಗಿಸಿದವಳು ನಾನು, ಅಂಥ ಬೆಳಕು ನೋಡಿರಲಿಲ್ಲ. ಕೈಮುಗಿಯಬೇಕು ಅನ್ನಿಸಿತು.

"ಕರಿ ಮಾರಿಗೆ ಬೆಳಕು ಸುರವಬಾರ್ದು, ತಾಗಸಬೇಕು" ಎಂದು ತಾಯಿಯ ಮುಖ ತೋರಿಸಿದರು. ನಾನು ಹ್ಞೂಂ ಎಂದು ತಲೆಯಾಡಿಸಿದೆ. ಎಲ್ಲ ತಿಳಿಯಿತು ಎಂದೇ ಅಂದುಕೊಂಡಿದ್ದೆ.

ಮೂರನೇ ದಿನ ಮುಂಜಾನೆ ಬಸ್ಸಿನಲ್ಲಿ ಇಂಡಿಗೆ ಹೋದೆವು. ಊರ ಹೊರಗಿನ ಶೆಡ್ಡಿನಲ್ಲಿ ನಿಂಬೆಯ ಗುಡ್ಡೆ, ಸುತ್ತ ಕೂತು ದೊಡ್ಡದು ಸಣ್ಣದು ಬೇರೆ ಮಾಡುವ ಹೆಂಗಸರು. ಮೇಡಂ ಐವತ್ತರ ಆಸುಪಾಸಿನ ರತ್ನವ್ವನನ್ನು ತೋರಿಸಿ, "ಇವರ ಮಾರಿ ತೆಗಿ. ಅರ್ಧ ತಾಸು" ಎಂದು ಬಾಗಿಲ ಬಳಿ ಕೂತರು.

ನಾನು ಎರಡೂ ದೀಪ ರತ್ನವ್ವನ ಎದುರಿಗೇ ನಿಲ್ಲಿಸಿದೆ. ಕೈ ತಾನೇ ಹೋಯಿತು. "ಹುಡುಗಿ ಬೆಳ್ಳಗ ಕಾಣಬೇಕ್ರಿ" ಎಂದು ಎರಡೂ ಕಡೆಯ ಬೀಗರು ಹೇಳಿದ್ದನ್ನು ಕೇಳಿ ಕೇಳಿ ಪಳಗಿದ ಕೈ ಅದು. ಪರದೆಯಲ್ಲಿ ಮುಖ ಹಾಲಿನಂತೆ ಹೊಳೆಯಿತು. ಹೊಗಳುತ್ತಾಳೆಂದು ಹಿಗ್ಗಿ ಪರದೆಯನ್ನು ರತ್ನವ್ವನ ಕಡೆ ತಿರುಗಿಸಿದೆ.

ರತ್ನವ್ವ ಬಗ್ಗಿ ನೋಡಿದಳು. "ಚಂದ ಅದಾಳ. ಯಾರವಾ ಇಕಿ?" ಎಂದಳು.

ಅವಳು ಕುಚೋದ್ಯ ಮಾಡಲಿಲ್ಲ. ಶೆಡ್ಡಿನಲ್ಲಿ ಅಂಥವಳು ಯಾರಿದ್ದಾಳೆ ಎಂದು ನಿಜವಾಗಿಯೂ ಸುತ್ತ ನೋಡಿದಳು. ಮೇಡಂ ಮುಖ ನೋಡುವ ಧೈರ್ಯವಾಗಲಿಲ್ಲ. ಕೆಲಸ ಹೋಯಿತು ಎಂದುಕೊಂಡೆ.

ಇನ್ನೂ ಹತ್ತು ನಿಮಿಷ ಉಳಿದಿತ್ತು. ಒಂದು ದೀಪ ಆರಿಸಿದೆ. ಇನ್ನೊಂದನ್ನು ಎಡಗಡೆಯ ಸುಣ್ಣದ ಗೋಡೆಗೆ ತಿರುಗಿಸಿ, ಅಂಗೈ ಹಿಡಿದು ನೋಡಿ, ಕ್ಯಾಮೆರಾಕ್ಕೆ ಬರುವ ಬೆಳಕನ್ನು ತಗ್ಗಿಸಿದೆ. "ನೀವು ಹಣ್ಣ ಆರಸ್ಕೋತ ಇರ್ರಿ" ಎಂದೆ. ಬೆಳಕು ರತ್ನವ್ವನ ಕೆನ್ನೆಯ ಎಲುಬಿಗೆ, ಮೂಗುಬೊಟ್ಟಿಗೆ, ಕಣ್ಣಂಚಿನ ಗೆರೆಗಳಿಗೆ ತಾಗಿತು. ಮಳೆಯಾದ ಮರುದಿನದ ಎರೆಹೊಲದ ಬಣ್ಣ ಆ ಮುಖಕ್ಕೆ ಬಂತು. ಅಷ್ಟು ಚಂದದ ಮುಖವನ್ನು ನಾನು ತೆಗೆದೇ ಇರಲಿಲ್ಲ.

ಈ ಸಲ ರತ್ನವ್ವ ಬಹಳ ಹೊತ್ತು ನೋಡಿದಳು. ಸೆರಗು ಸರಿಮಾಡಿಕೊಂಡು ಪಕ್ಕದವಳನ್ನು ಕೂಗಿದಳು: "ಏ ಶಾಂತಾ, ಬಾ ಇಲ್ಲೆ. ನಾ ಹೆಂಗ ಅದೀನಿ ನೋಡು!"

ಮೇಡಂ ಎದ್ದು ಬಂದು ಪರದೆ ನೋಡಿದರು. "ಸೋಮವಾರ ಆರಕ್ಕ ಇಲ್ಲಿರು" ಎಂದರು, ಅಷ್ಟೇ. ನನಗೆ ಅಳು ಬಂತು. ಅತ್ತೂಬಿಟ್ಟೆ. ನಿಂಬೆ ರಸ ಕಣ್ಣಿಗೆ ಹಾರಿತೆಂದುಕೊಂಡು ಶಾಂತಾ ನೀರು ತಂದುಕೊಟ್ಟಳು.

ಮಧ್ಯಾಹ್ನ ವಿಜಯಪುರದ ಬಸ್ಸಿನಲ್ಲಿ ಕೂತು ಈರಣ್ಣನಿಗೆ ಫೋನ್ ಮಾಡಿ ಕೆಲಸ ಸಿಕ್ಕಿದ್ದು ಹೇಳಿದೆ. ಅವನು ಹುರುಪಿನಲ್ಲಿ, "ಏನ್ ತರಲಿ? ಪೇಡೆ ತರಲೇನು?" ಎಂದು ಕೇಳಿದ.

"ಪೇಡೆ ಇರಲಿ. ನಮ್ಮ ಮದಿವಿ ವಿಡಿಯೋ ಐತೆಲ್ಲ, ನಾ ಕೈ ಹಚ್ಚೂಕಿಂತ ಮೊದಲಿಂದು, ಅದು ಐತೇನು?"

"ಹಳೇ ಡಿಸ್ಕಿನಾಗ ಇರಬೇಕು. ಈಗ್ಯಾಕ ಅದು?"

ಬಸ್ಸು ಹೊರಟಿತು. ಎಡಿಟಿಂಗನ್ನು ನಾನು ಕಲಿತದ್ದು ನಮ್ಮ ಮದುವೆಯ ವಿಡಿಯೋ ಮೇಲೆಯೇ. ನಾನು ಬಿಳಿ ಮಾಡಿದ ಮೊದಲನೇ ಮದುಮಗಳು ನಾನೇ.

"ತಗದಿಡು. ಬಂದು ನೋಡ್ತೇನಿ" ಎಂದೆ. ಆ ಹುಡುಗಿಯನ್ನು ನೋಡದೆ ಒಂಬತ್ತು ವರ್ಷವಾಗಿತ್ತು.