ಘೋಡಗೇರಿಯ ಎಮ್ಮೆ

ತೊಂಬತ್ತರ ದಶಕದಲ್ಲಿ ನಾನು ದನದ ದವಾಖಾನೆಯಲ್ಲಿ ಡಾಕ್ಟರರ ಸಹಾಯಕನಾಗಿದ್ದೆ. ಒಂದು ಮಧ್ಯಾಹ್ನ ಡಾಕ್ಟರು ಹುಕ್ಕೇರಿಗೆ ಹೋಗಿದ್ದಾಗ ಘೋಡಗೇರಿಯಿಂದ ಕರೆ ಬಂತು. ನಾನೊಬ್ಬನೇ ಹೋದೆ. ಎಮ್ಮೆಯ ಹೊಟ್ಟೆಯಲ್ಲಿ ಕರುವಿನ ಮುಂಗಾಲು ಮಡಚಿ ಸಿಕ್ಕಿಕೊಂಡಿತ್ತು. ತೋಳಿಗೆ ಸೋಪು ಹಚ್ಚಿಕೊಂಡು ಭುಜದವರೆಗೂ ಕೈ ಹಾಕಿದೆ. ಎಮ್ಮೆ ತಿಣುಕಿದಾಗಲೆಲ್ಲ ನನ್ನ ಎಲುಬು ಮುರಿದಂತಾಗುತ್ತಿತ್ತು.

"ಕರಾ ಜೀವಂತ ಐತೇನ್ರಿ?" ಎಂದು ಮನೆಯೊಡತಿ ಕೇಳಿದರು.

ಒಳಗೆ ಕರು ನನ್ನ ಬೆರಳು ಚೀಪುತ್ತಿತ್ತು. "ಐತ್ರಿ, ಅವ್ವಾರ," ಎಂದೆ.

ಗರ್ಭಕೋಶ ಹರಿಯದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಕಾಲು ನೆಟ್ಟಗೆ ಮಾಡುವಷ್ಟರಲ್ಲಿ ನನ್ನ ಕೈ ಜೋಮು ಹಿಡಿದಿತ್ತು. ಎಳೆದಾಗ ಹೊರಬಂದ ಕರು ಉಸಿರಾಡಲಿಲ್ಲ. ಮೂಗು ಒರೆಸಿ, ಎದೆ ತಿಕ್ಕಿ ನೋಡಿದೆ. ಉಪಯೋಗವಾಗಲಿಲ್ಲ.

"ಎಮ್ಮಿ ಉಳೀತಲ್ರಿ, ಸಾಕು," ಎಂದು ಅವರು ನನಗೇ ಸಮಾಧಾನ ಹೇಳಿದರು. ನನ್ನ ತೋಳಿಗೆ ಇನ್ನಷ್ಟು ಬಲವಿದ್ದಿದ್ದರೆ ಎಂಬ ಯೋಚನೆ ವಾರಗಟ್ಟಲೆ ನನ್ನನ್ನು ಬಿಡಲಿಲ್ಲ.